ಮಿಲ್ ಸೀರೆಯ ಎರಡು ತುದಿ

ಯುದ್ಧದ ಕಾಲದಲ್ಲಿ ಬಟ್ಟೆಗೂ ರೇಷನ್ ಇತ್ತು. ಹಲಸೂರಿನ ಡಿಪೋದಲ್ಲಿ ಬೆಳಗಿನಿಂದ ಸಾಲಿನಲ್ಲಿ ನಿಂತು, ಜಗಲಿ ಹತ್ತಿ ಒಳಗೆ ಕೈಚಾಚುವ ಹೊತ್ತಿಗೆ ಉಳಿದಿದ್ದುದು ಒಂದೇ ಒಂದು ಮಿಲ್ ಸೀರೆ. ನಾನು ಅದನ್ನು ಹಿಡಿದೆ. ನನ್ನ ಹಿಂದಿದ್ದ ಪಕ್ಕದ ಮನೆಯವಳು ಇನ್ನೊಂದು ತುದಿಗೆ ಕೈಹಾಕಿದಳು.

“ಬಿಡೇ, ಮುಂಚೆ ಬಂದಿದ್ದು ನಾನು!” ಎಂದೆ.

“ಸತ್ರೂ ಬಿಡಲ್ಲ, ಹೋಗೇ!” ಎಂದು ಅವಳು ನನ್ನ ಮೊಣಕಾಲಿಗೆ ಒದ್ದಳು. ನಾನು ಅವಳ ಮುಂಗೈಯನ್ನು ರಕ್ತ ಬರುವಂತೆ ಪರಚಿದೆ.

ಇಬ್ಬರೂ ಹಿಮ್ಮಡಿ ಊರಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆದೆವು. ಸೀರೆ ಹಗ್ಗದಂತೆ ಬಿಗಿದು ನಿಂತಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ದೂರದಿಂದ ನೋಡಿದವರಿಗೆ ನಾವು ಸೀರೆ ಒಣಹಾಕುತ್ತಿದ್ದೇವೆ ಅನ್ನಿಸಿರಬೇಕು. ನನ್ನ ತೋಳುಗಳು ಮಾತ್ರ ಕಿತ್ತುಬರುವಂತಿದ್ದವು. ಆಗ ಹೊಳೆಯಿತು: ಅವಳು ಎಳೆಯುತ್ತಿರುವುದರಿಂದಲೇ ನಾನು ಬೀಳದೆ ನಿಂತಿದ್ದೇನೆ, ನಾನು ಎಳೆಯುತ್ತಿರುವುದರಿಂದಲೇ ಅವಳೂ ನಿಂತಿದ್ದಾಳೆ.

ಕೈ ಬಿಟ್ಟುಬಿಟ್ಟೆ.

ನಾನು ಡಿಪೋದ ಗೋಡೆಗೆ ಬೆನ್ನು ಬಡಿದು ನಿಂತೆ. ಅವಳು ಜಗಲಿಯಿಂದ ಹಿಂದಕ್ಕೆ ಎಸೆದಂತೆ ಹೋಗಿ ಬಿದ್ದಳು. ಕಲ್ಲಿನ ಮೆಟ್ಟಿಲಿಗೆ ತಲೆ ಬಡಿದ ಸದ್ದು ಸಾಲಿನ ಕೊನೆಯವರೆಗೂ ಕೇಳಿಸಿತು. ಸೀರೆ ಅವಳ ಮುಷ್ಟಿಯಲ್ಲೇ ಇತ್ತು, ರಕ್ತದಲ್ಲಿ ತೊಯ್ದು.

“ಯಾರು ತಳ್ಳಿದ್ದು?” ಎಂದು ಸಾಲು ಕಾಯುತ್ತಿದ್ದ ಪೊಲೀಸಿನವನು ಗದರಿದ.

“ತಳ್ಳಲಿಲ್ಲ ಸಾರ್, ಕೈ ಬಿಟ್ಟೆ ಅಷ್ಟೇ,” ಎಂದೆ. ಸಾಲಿನವರೆಲ್ಲ ನಿಜವೆಂದರು.

ಅವಳು ಬದುಕಿದಳು, ಒಂದು ಕಿವಿ ಮಾತ್ರ ಮತ್ತೆ ಕೇಳಿಸಲಿಲ್ಲ. ನಾನು ತಳ್ಳಲಿಲ್ಲ, ಇವತ್ತಿಗೂ ಆಣೆಯಿಟ್ಟು ಹೇಳುತ್ತೇನೆ. ಆದರೆ ಕೈ ಬಿಡುವ ಮೊದಲು, ಅವಳ ಬೆನ್ನ ಹಿಂದಿನ ಮೆಟ್ಟಿಲುಗಳನ್ನು ನೋಡಿದ್ದೆ.