ನನ್ನ ಹೆಸರಲ್ಲಿ ಬಿಡಬೇಡ ಅಮ್ಮ

"ಗಾಬರಿ ಬೇಡ. ಆದ್ರೆ ಬೇಗ ಬಾ."

ಗಂಡನಿಂದ ಇಂಥದೊಂದು ಮೆಸೇಜ್ ಬಂದಾಗ ಗಾಬರಿಯಾಗದ ತಾಯಿ ಯಾರಾದ್ರೂ ಇದ್ದೀರಾ? ಇದ್ದರೆ ಹೇಳಿ, ಮನೆಗೇ ಬಂದು ಕೈಮುಗಿದು ಹೋಗ್ತೀನಿ.

ಅವತ್ತು ಭಾನುವಾರ. ಕೆ.ಆರ್.ಎಸ್. ರಸ್ತೆಯಲ್ಲಿ ಬೆಳಗೊಳ ದಾಟಿ, ಎಳನೀರಿನ ಗಾಡಿ ಪಕ್ಕ ಸೈಕಲ್ ಒರಗಿಸಿದ್ದೆ. ಇಷ್ಟು ದೂರ ಒಂದೇ ಉಸಿರಿಗೆ ತುಳಿದಿದ್ದು ಅದೇ ಮೊದಲು. ಒಂದು ಸೆಲ್ಫಿ ತೆಗೆದು ಮನೆಗೆ ಕಳಿಸೋಣ ಅಂತ ಸೀಟಿನ ಕೆಳಗಿನ ಪುಟ್ಟ ಚೀಲದಿಂದ ಫೋನ್ ತೆಗೆದೆ. ನೋಡಿದರೆ ಗಿರೀಶ್ ಅವರ ಮಿಸ್ಡ್ ಕಾಲ್‌ಗಳ ಸಾಲು. ಕೊನೆಗೆ ಈ ಮೆಸೇಜು. ಫೋನ್ ಸೈಲೆಂಟಲ್ಲಿತ್ತು.

ತಕ್ಷಣ ಫೋನ್ ಮಾಡಿದೆ.

"ಮಗಳು ದೊಡ್ಡೋಳಾದ್ಲು ಕಣೇ" ಅಂದ್ರು ಪಿಸುದನಿಯಲ್ಲಿ.

ಪಕ್ಕದಲ್ಲೇ ಲಾರಿ ಹೋಯ್ತು. ಏನೂ ಕೇಳಿಸಲಿಲ್ಲ. "ಜೋರಾಗಿ ಹೇಳ್ರೀ!"

"ಜೋರಾಗಿ ಎಂಗೆ ಹೇಳೋದು? ಪಕ್ಕದ್ಮನೆಯವ್ರು ಕಾಂಪೌಂಡಲ್ಲೇ ನಿಂತವ್ರೆ. ದೊಡ್ಡೋಳಾದ್ಲು ಅಂದೆ!"

(ಇದನ್ನೆಲ್ಲ ಮಗಳ ಒಪ್ಪಿಗೆ ಪಡೆದೇ ಬರೀತಿದ್ದೀನಿ. ಬರೆದದ್ದನ್ನು ಓದಿ ಒಂದೆರಡು ಸಾಲು ಹೊಡೆದು ಹಾಕಿದಳು. ಹೆಸರು ಹಾಕಕೂಡದು ಅನ್ನೋದು ಅವಳ ಕಂಡೀಷನ್. ಹಾಗಾಗಿ ಇಲ್ಲಿ ಅವಳು ಬರೀ 'ಮಗಳು'.)

ಮೊದಲು ನಾನು ಆ ಹೊತ್ತಲ್ಲಿ ಬೆಳಗೊಳದಲ್ಲಿ ಏನು ಮಾಡ್ತಿದ್ದೆ ಅಂತ ಹೇಳಿಬಿಡ್ತೀನಿ. ನಾನು ಟ್ರಯಾಥ್ಲಾನ್‌ಗೆ ತಯಾರಾಗ್ತಿದ್ದೀನಿ. ಈಜು, ಸೈಕಲ್, ಓಟ. ಮೂರೂ ಒಂದೇ ದಿನ, ಒಂದರ ಹಿಂದೆ ಒಂದು. ಅದರಲ್ಲೂ ಉದ್ದದ ದೂರದ್ದು. ಬೆಳಿಗ್ಗೆ ನೀರಿಗಿಳಿದರೆ ಓಟ ಮುಗಿಯೋ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ, ನಲವತ್ತು ದಾಟಿದ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು?

ದೊಡ್ಡ ಕಾರಣ ಏನೂ ಇಲ್ಲ ಕಣ್ರೀ. ಮಗಳನ್ನು ಈಜು ಕ್ಲಾಸಿಗೆ ಸೇರಿಸಿದ್ದೆ. ಅವಳು ನೀರಲ್ಲಿ, ನಾನು ಮೆಟ್ಟಿಲ ಮೇಲೆ ಕೂತು ಫೋನಲ್ಲಿ. ಒಂದು ದಿನ ಬೇಜಾರಾಗಿ ನಾನೂ ಇಳಿದೆ. ಆಮೇಲೆ ಅವಳು ಬಿಟ್ಟಳು. ನಾನು ಬಿಡಲಿಲ್ಲ. ಈಜಿನ ಗೆಳತಿಯರು ಓಟಕ್ಕೆ ಎಳೆದರು, ಓಟದವರು ಸೈಕಲ್ಲಿಗೆ ಎಳೆದರು. ರೇಸ್ ಇರೋದು ಮುಂದಿನ ವರ್ಷ. ಈಗಿನ್ನೂ ಅಡಿಪಾಯದ ತಿಂಗಳುಗಳು.

ಅಡಿಪಾಯ ಅಂದ್ರೆ ಮನೆಯ ಅಡಿಪಾಯ ಅಲ್ಲಾಡೋದು ಅಂತ ಆಮೇಲೆ ಗೊತ್ತಾಯ್ತು.

ಗಿರೀಶ್‌ಗೆ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಮೆಷಿನ್ ರಿಪೇರಿ ವಿಭಾಗದಲ್ಲಿ ಸೂಪರ್‌ವೈಸರ್. ಅವರು ರಾತ್ರಿ ಪಾಳಿ ಮುಗಿಸಿ ಬರುವಾಗ ನಾನು ಹೆಲ್ಮೆಟ್ ಹಾಕಿಕೊಂಡು ಹೊರಟಿರ್ತೀನಿ. ವಿದ್ಯಾರಣ್ಯಪುರಂನ ನಮ್ಮ ಮನೆ ಗೇಟಲ್ಲೇ ನಮ್ಮ ದಾಂಪತ್ಯದ ಅರ್ಧ ಮಾತು ಮುಗಿಯುತ್ತೆ. "ಹಾಲು ಬಂತಾ?" "ಗ್ಯಾಸ್ ಬುಕ್ ಮಾಡಿ." ಮೊದಲೆಲ್ಲ ಭಾನುವಾರ ಮೂವರೂ ಒಟ್ಟಿಗೆ ಕೂತು ದೋಸೆ ತಿನ್ನೋದು ನಮ್ಮನೆ ನಿಯಮ. ಈಗ ಭಾನುವಾರ ಅಂದ್ರೆ ನನ್ನ ಲಾಂಗ್ ರೈಡ್. ದೋಸೆ ಹಿಟ್ಟು ಫ್ರಿಜ್ಜಲ್ಲಿ ಹುಳಿಯಾಗ್ತಾ ಕೂತಿರುತ್ತೆ.

ಸರಿ, ಬೆಳಗೊಳಕ್ಕೆ ವಾಪಸ್ ಬರೋಣ.

ಶುರುವಿನ ತಿಂಗಳುಗಳಲ್ಲಿ ನಿಧಾನವೇ ಶಿಸ್ತು ಅಂತಾರೆ ನಮ್ಮ ಕೋಚ್. ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಎದೆಬಡಿತ ಏರಕೂಡದು. ಅವತ್ತು ಆ ಶಿಸ್ತೆಲ್ಲ ಗಾಳಿಗೆ ಹೋಯ್ತು. ಎದುರುಗಾಳಿ ಬೇರೆ. ಕೈಯಲ್ಲಿನ ವಾಚು ಬಡ್ಕೋತಾನೇ ಇತ್ತು, ನಾನು ತುಳೀತಾನೇ ಇದ್ದೆ.

ತಲೆಯಲ್ಲಿ ಒಂದೇ ಚಿತ್ರ. ಬೀರುವಿನ ಮೇಲಿನ ಅರೆ.

ಹೋದ ವರ್ಷವೇ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದ್ದೆ. ಹೆದರಬೇಡ, ಹೀಗಾಗುತ್ತೆ, ಪ್ಯಾಡು ಈ ಅರೆಯಲ್ಲಿ ಇಟ್ಟಿರ್ತೀನಿ ಅಂತ ತೋರಿಸಿದ್ದೆ. ಒಳ್ಳೆ ತಾಯಿ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆಮೇಲೆ? ಆ ಅರೆಗೆ ನನ್ನ ಈಜುಕನ್ನಡಕ ಬಂತು. ಗ್ಲೌಸ್ ಬಂತು. ಎನರ್ಜಿ ಪುಡಿಯ ಡಬ್ಬ ಬಂತು. ಪ್ಯಾಡಿನ ಪ್ಯಾಕೆಟ್ ಎತ್ತಿ ಎಲ್ಲಿಟ್ಟೆ? ಮೇಟಗಳ್ಳಿ ದಾಟಿ ಊರೊಳಗೆ ಬಂದರೂ ನೆನಪಾಗಲಿಲ್ಲ. ಮಗಳು ಆ ಅರೆ ತೆಗೆದು ನೋಡಿರ್ತಾಳೆ. ಅಲ್ಲಿ ಅಮ್ಮನ ಸಾಮಾನೇ ತುಂಬಿರೋದು ಕಂಡಿರುತ್ತೆ.

ಅಳ್ತಾ ಕೂತಿರ್ತಾಳೆ ಅಂದುಕೊಂಡೇ ಬಾಗಿಲು ತಳ್ಳಿದೆ.

ನಗು ಕೇಳಿಸ್ತು.

ಅಪ್ಪ ಮಗಳು ಊಟದ ಮೇಜಿನ ಮುಂದೆ ಕೂತಿದ್ದರು. ತಟ್ಟೆಯಲ್ಲಿ ದೋಸೆ. ಮೇಜಿನ ತುದಿಯಲ್ಲಿ ಬಣ್ಣಬಣ್ಣದ ಪ್ಯಾಡಿನ ಪ್ಯಾಕೆಟ್‌ಗಳ ಒಂದು ಸಣ್ಣ ಗುಡ್ಡ.

"ಯಾವ್ದು ಬೇಕು ಅಂತ ಗೊತ್ತಾಗ್ಲಿಲ್ಲ" ಅಂದ್ರು ಗಿರೀಶ್. "ಮೆಡಿಕಲ್ ಸ್ಟೋರಲ್ಲಿ ಇದ್ದಿದ್ದನ್ನೆಲ್ಲ ತಂದ್ಬುಟ್ಟೆ."

"ಅಷ್ಟೇ ಅಲ್ಲಮ್ಮ" ಅಂತ ಮಗಳು ಶುರು ಮಾಡಿದಳು. "ಬಾತ್‌ರೂಮ್ ಬಾಗಿಲ ಆಚೆ ನಿಂತ್ಕೊಂಡು ಪ್ಯಾಕೆಟ್ ಹಿಂದೆ ಬರೆದಿರೋದನ್ನ ಓದಿದ್ರು! 'ಮೊದಲು ಹಿಂಬದಿಯ ಕಾಗದ ತೆಗೆಯಿರಿ. ಆಯ್ತಾ? ಆಯ್ತು ಅಂತ ಹೇಳು, ಆಮೇಲೆ ಮುಂದಿಂದು ಓದ್ತೀನಿ!' ಅಂತ. ಫ್ಯಾಕ್ಟರಿ ಮೆಷಿನ್ ಜೋಡ್ಸೋ ಥರ!"

"ಮ್ಯಾನ್ಯುಯಲ್ ಓದ್ದೆ ಯಾವ ಕೆಲ್ಸಾನೂ ಮಾಡ್ಬಾರ್ದು" ಅಂದ್ರು ಗಿರೀಶ್, ಗಂಭೀರವಾಗಿ. ರಾತ್ರಿ ಪಾಳಿಯ ಕಣ್ಣು ಕೆಂಪಗಿತ್ತು. ಮನುಷ್ಯ ಇನ್ನೂ ಮಲಗೇ ಇರಲಿಲ್ಲ.

ತಬ್ಬಿಕೊಳ್ಳೋಕೆ ಹೋದೆ. "ಥೂ, ಬೆವರು! ಮೊದ್ಲು ಸ್ನಾನ ಮಾಡಮ್ಮ" ಅಂದಳು.

ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಯಾಕೆ ಅಂತ ಕೇಳಿದ್ರೆ ನೀವು ನಗಬಹುದು. ಮಗಳಿಗೆ ಬೇಕಾದಾಗ ನಾನಿರಲಿಲ್ಲ ಅಂತಲ್ಲ. ನಾನಿಲ್ಲದೆಯೂ ಎಲ್ಲ ಚೆನ್ನಾಗೇ ಆಯಿತಲ್ಲ, ಅದಕ್ಕೆ! ನಾನು ಬರುವಷ್ಟರಲ್ಲಿ ಆ ಗಳಿಗೆ ಮುಗಿದಿತ್ತು. ನಗೆಯೂ ಮುಗೀತಾ ಬಂದಿತ್ತು. ಬೆಳಗೊಳದಿಂದ ಅಷ್ಟು ಜೋರಾಗಿ ತುಳಿದು ಬಂದವಳಿಗೆ ಮಾಡೋಕೆ ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಬನ್ನಿಮಂಟಪದಿಂದ ನನ್ನಮ್ಮ ಆಟೋದಲ್ಲಿ ಬಂದಿಳಿದಳು. ಅಲ್ಲಿ ತಮ್ಮನ ಮನೆಯಲ್ಲಿ ಅವಳಿರೋದು. (ಅಜ್ಜಿಗೊಬ್ರಿಗೆ ಹೇಳು, ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ರೆ ಮನೆ ಬಿಟ್ಟು ಹೋಗ್ತೀನಿ ಅಂತ ಮಗಳು ಮೊದಲೇ ಎಚ್ಚರಿಸಿದ್ದಳು.) ಅಮ್ಮನ ಚೀಲದಲ್ಲಿ ಎಳ್ಳು, ಬೆಲ್ಲ, ಒಂದು ಹಸಿರು ಲಂಗದ ಬಟ್ಟೆ. ಬಂದವಳೇ ಎಳ್ಳು ಹುರಿದು, ಬೆಲ್ಲದ ಜೊತೆ ಕುಟ್ಟಿ, ಚಿಗಳಿ ಉಂಡೆ ಕಟ್ಟೋಕೆ ಕೂತಳು. ಕೈ ಉಂಡೆ ಕಟ್ಟುತ್ತಿತ್ತು, ಬಾಯಿ ನನ್ನನ್ನು ಕುಟ್ಟುತ್ತಿತ್ತು.

"ಅಂಥ ಹೊತ್ನಲ್ಲಿ ಹೆತ್ತೋಳು ಮನೇಲಿಲ್ಲ. ಗಂಡಸು ಹೋಗಿ ಅಂಗ್ಡೀಲಿ ನಿಂತ್ಕೊಂಡು ಅದನ್ನ ಕೇಳೋದಾ? ಎಲ್ಲಾದ್ರೂ ಇದ್ಯಾ?"

"ಈಗೆಲ್ಲ ಇದೆ ಅತ್ತೆ" ಅಂದ್ರು ಗಿರೀಶ್ ರೂಮಿನೊಳಗಿಂದ. ಪಾಪ, ಮಲಗೋ ಪ್ರಯತ್ನದಲ್ಲಿದ್ದರು.

"ನೀವು ಸುಮ್ನಿರಿ. ನಿಮ್ಮಿಂದ್ಲೇ ಇವ್ಳು ಹಿಂಗಾಗಿರೋದು." ಅಮ್ಮ ನನ್ನ ಕಡೆ ತಿರುಗಿದಳು. "ಈ ವಯಸ್ಸಲ್ಲಿ ಮೆಡಲ್ ತಗೊಂಡು ಏನ್ಮಾಡ್ಬೇಕು ಕಣೆ? ಮಗಳು ಎಸ್ಸೆಸ್ಸೆಲ್ಸಿ ಮುಗಿಸ್ಲಿ. ಆಮೇಲೆ ಓಡು, ಹಾರು, ಯಾರು ಬೇಡ ಅಂತಾರೆ? ನಾವೆಲ್ಲ ಮಕ್ಕಳಿಗೋಸ್ಕರ ಬಿಡ್ಲಿಲ್ವಾ?"

ಮುಂದೆ ಏನು ಬರುತ್ತೆ ಅಂತ ನನಗೆ ಗೊತ್ತಿತ್ತು. ಬಂತು.

"ನೀನು ಹೊಟ್ಟೇಲಿದ್ದಾಗ ಬಿ.ಎಡ್. ಅರ್ಧಕ್ಕೆ ಬಿಟ್ಟೆ ನಾನು."

ಈ ಬಿ.ಎಡ್. ನನ್ನ ಜೊತೆಯಲ್ಲೇ ಬೆಳೆದಿದೆ ಓದುಗರೇ. ನಾನು ಗಣಿತದಲ್ಲಿ ಫೇಲಾದಾಗ ಬಿ.ಎಡ್. ಹಾಲು ಉಕ್ಕಿಸಿದಾಗ ಬಿ.ಎಡ್. ನಾನೇ ನೋಡಿದ ಹುಡುಗನನ್ನು ಮದುವೆಯಾಗ್ತೀನಿ ಅಂದಾಗಲಂತೂ ಇಡೀ ಬಿ.ಎಡ್. ಕಾಲೇಜೇ ನಮ್ಮ ನಡುಮನೆಗೆ ಬಂದಿತ್ತು. ಪ್ರತಿ ಸಲ ತಲೆ ತಗ್ಗಿಸಿದ್ದೀನಿ. ಹುಟ್ಟೋದಕ್ಕೆ ಮುಂಚೆಯೇ ಒಬ್ಬರ ಬದುಕು ಹಾಳು ಮಾಡಿದವಳು ಬೇರೆ ಏನು ಮಾಡೋಕಾಗುತ್ತೆ?

ಅವತ್ತೂ ತಗ್ಗಿಸಿದೆ. "ಸರಿ ಅಮ್ಮ, ಬಿಡ್ತೀನಿ. ಕೋಚ್‌ಗೆ ನಾಳೆನೇ ಹೇಳ್ತೀನಿ" ಅಂದೆ.

ಹಾಗೆ ಅಂದ ತಕ್ಷಣ ಏನಾಯ್ತು ಗೊತ್ತಾ? ಹಾಯ್ ಅನ್ನಿಸ್ತು. ಬೆಳಗಿನಿಂದ ಎದೆ ಮೇಲಿದ್ದ ಭಾರ ಇಳಿದ ಹಾಗೆ. ಅಮ್ಮನ ಕಣ್ಣಲ್ಲಿ ನೀರು. "ನನ್ನ ಮಗಳು" ಅಂತ ನನ್ನ ತಲೆ ಸವರಿದಳು. ತ್ಯಾಗಕ್ಕೂ ಒಂದು ರುಚಿ ಇದೆ. ಅದು ಚಿಗಳಿಗಿಂತ ಸಿಹಿ.

ಮಗಳು ಕಚ್ಚಿದ ಉಂಡೆಯನ್ನು ತಟ್ಟೆಗೆ ಇಟ್ಟಳು.

"ಯಾಕೆ ಬಿಡ್ತೀಯಾ?"

"ನಿನಗೋಸ್ಕರ ಕಣಮ್ಮ."

"ನಾನು ಕೇಳಿದ್ನಾ?"

ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ಹೆಸರಲ್ಲಿ ಬಿಡಬೇಡ ಅಮ್ಮ. ಮಂಡಿ ನೋಯುತ್ತೆ ಅಂತ ಬಿಡು. ಬೋರಾಯ್ತು ಅಂತ ಬಿಡು. ನನ್ನಿಂದ ಬಿಟ್ಟೆ ಅಂದ್ರೆ, ಇನ್ಮೇಲೆ ನಂಗೆ ಮಾರ್ಕ್ಸ್ ಕಮ್ಮಿ ಬಂದಾಗೆಲ್ಲ ಆ ಸೈಕಲ್ ಕಥೆ ಹೇಳ್ತೀಯ. ನಂಗೆ ಬೇಡ ಅದು."

ಹದಿಮೂರು ವರ್ಷದ ಹುಡುಗಿ. ಬೆಳಿಗ್ಗೆ ತಾನೇ ಹೆದರಿ ಅಪ್ಪನನ್ನು ಕರೆದವಳು. ದನಿ ಸ್ವಲ್ಪವೂ ಏರಿರಲಿಲ್ಲ.

ಅಮ್ಮನ ಕೈಯಲ್ಲಿ ಉಂಡೆ ಹಾಗೇ ನಿಂತಿತ್ತು. ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನನ್ನೇ ನೋಡ್ತಾ, "ನಾನು ಹಂಗೆ ಅಂತಿದ್ನಾ?" ಅಂತ ಕೇಳಿದಳು.

"ಆಗಾಗ ಅಂತಿದ್ದೆ ಅಮ್ಮ."

ಆ ಉಂಡೆಯನ್ನೇ ಮತ್ತೆ ಒತ್ತಿ ಒತ್ತಿ ಗುಂಡಗೆ ಮಾಡಿದಳು. ಆಮೇಲೆ ಏನೋ ಸಣ್ಣ ವಿಷಯ ಹೇಳುವ ಹಾಗೆ ಹೇಳಿದಳು:

"ನಿಜ ಹೇಳ್ಬೇಕು ಅಂದ್ರೆ ಆ ಬಿ.ಎಡ್. ನಂಗೆ ಇಷ್ಟಾನೇ ಇರ್ಲಿಲ್ಲ ಕಣೆ. ನಮ್ಮಪ್ಪ ಬಲವಂತವಾಗಿ ಸೇರಿಸಿದ್ರು. ಆ ಮಕ್ಕಳ ಮುಂದೆ ನಿಂತ್ಕೊಂಡು ಪಾಠ ಮಾಡೋದು ಅಂದ್ರೆ ಕಲಿತಿದ್ದೆಲ್ಲ ಮರ್ತೋಗೋದು. ದಿನಾ ಬೆಳಿಗ್ಗೆ ಅಳು ಬರೋದು. ಅಷ್ಟ್ರಲ್ಲಿ ನೀನು ಬಂದೆ. ಬಿಡೋಕೆ ಒಂದು ನೆಪ ಸಿಕ್ತು."

ನಗಬೇಕೋ, ಅಮ್ಮನ ಕೈಯಿಂದ ಉಂಡೆ ಕಿತ್ತು ಎಸೆಯಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ! ಇಷ್ಟು ವರ್ಷ ನಾನು ತಲೆ ತಗ್ಗಿಸಿದ್ದು ಒಂದು ನೆಪಕ್ಕಾ?

ಮೊದಲು ನಕ್ಕಿದ್ದು ಮಗಳು. ಆಮೇಲೆ ಅಮ್ಮ, ಸೆರಗು ಬಾಯಿಗೆ ಒತ್ತಿಕೊಂಡು. ರೂಮಿನಿಂದ ಗಿರೀಶ್ ನಗೋದೂ ಕೇಳಿಸ್ತು. ಆ ಮನುಷ್ಯ ಆ ದಿನ ಮಲಗಲೇ ಇಲ್ಲ. ನಾನು ನಕ್ಕಿದ್ದು ಎಲ್ಲರಿಗಿಂತ ಕೊನೆಗೆ. ಯಾಕಂದ್ರೆ ನನ್ನ ತಲೆ ಬೇರೆ ಕಡೆ ಓಡ್ತಾ ಇತ್ತು.

'ಬಿಡ್ತೀನಿ' ಅಂದಾಗ ನನಗೆ ಹಾಯ್ ಅನ್ನಿಸಿದ್ದು ಯಾಕೆ?

ಉತ್ತರ ನನಗೆ ಗೊತ್ತಿತ್ತು. ಮುಂದಿನ ತಿಂಗಳಿಂದ ಕೋಚ್ ನಮ್ಮನ್ನು ಈಜುಕೊಳದಿಂದ ಕೆರೆಗೆ ಕರೆದುಕೊಂಡು ಹೋಗೋರಿದ್ದರು. ತಳ ಕಾಣದ ನೀರು. ಹಿಡಿಯೋಕೆ ಕಂಬಿ ಇಲ್ಲ. ವಾರಗಳಿಂದ ಅದನ್ನೇ ನೆನೆಸಿಕೊಂಡು ರಾತ್ರಿ ಎದ್ದು ಕೂರ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಭಯ ಅಂತ ಬಿಟ್ಟರೆ ಅವಮಾನ. ಮಗಳಿಗಾಗಿ ಬಿಟ್ಟರೆ? ಅರ್ಧ ಮೈಸೂರೇ ಶಭಾಷ್ ಅನ್ನುತ್ತೆ.

ಸಂಜೆ ಅಮ್ಮ ಹೋದ ಮೇಲೆ ಮೂವರೂ ಕೂತು ಮಾತಾಡಿದೆವು. ಕೆರೆಯ ಭಯವನ್ನೂ ಹೇಳಿಬಿಟ್ಟೆ. ಗಿರೀಶ್ ಉಪದೇಶ ಮಾಡಲಿಲ್ಲ. "ಮೊದಲ ದಿನ ನಾನೂ ಬರ್ತೀನಿ, ದಡದಲ್ಲಿ ಕೂತಿರ್ತೀನಿ" ಅಂದ್ರು ಅಷ್ಟೇ. ಆಮೇಲೆ ಅವರದೂ ಒಂದು ಬೇಡಿಕೆ ಬಂತು. "ಎರಡು ವಾರಕ್ಕೊಂದು ಭಾನುವಾರ ನಂಗೆ ಬೇಕು."

"ಏನ್ಮಾಡ್ತೀರಿ?"

"ಏನೂ ಮಾಡಲ್ಲ. ಮಲ್ಕೋತೀನಿ. ಮನೆಗೆ ಬೆಂಕಿ ಬಿದ್ರೂ ಎಬ್ಬಿಸ್ಬಾರ್ದು."

ಮಗಳದ್ದೇ ಕಷ್ಟದ ಬೇಡಿಕೆ. "ಬೆಳಿಗ್ಗೆ ಹೋಗಮ್ಮ, ಪರವಾಗಿಲ್ಲ. ಆದ್ರೆ ಬಂದ್ಮೇಲೆ ಪೂರ್ತಿ ಬಾ. ನೀನು ಮನೇಲಿದ್ರೂ ವಾಚ್ ಗ್ರಾಫ್ ನೋಡ್ತಿರ್ತೀಯ. ನಾನು ಸ್ಕೂಲ್ ಕಥೆ ಹೇಳ್ತಿದ್ರೆ ಹೂಂ ಹೂಂ ಅಂತೀಯ. ಅರ್ಧ ನೀನು ಇನ್ನೂ ರೋಡಲ್ಲೇ ಇರ್ತೀಯ."

ಇದು ನಾಟಿತು. ಬ್ಯಾಲೆನ್ಸ್ ಬ್ಯಾಲೆನ್ಸ್ ಅಂತ ನಾನು ಗಂಟೆಗಳನ್ನೇ ಹಂಚ್ತಾ ಇದ್ದೆ. ಇಷ್ಟು ಗಂಟೆ ಟ್ರೈನಿಂಗ್, ಇಷ್ಟು ಗಂಟೆ ಮನೆ. ಮನೆಯ ಗಂಟೆಯಲ್ಲಿ ನಾನು ಮನೆಯಲ್ಲಿದ್ದೀನಾ ಅಂತ ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಎರಡು ವಾರಕ್ಕೊಮ್ಮೆ ಲಾಂಗ್ ರೈಡ್ ಆಗಲ್ಲ ಅಂತ ಕೋಚ್‌ಗೆ ಹೇಳಿದೆ. "ರೇಸಲ್ಲಿ ಹಿಂದೆ ಉಳೀತೀರಿ ಮೇಡಂ, ಟೈಮ್ ಒಳಗೆ ಮುಗಿಸೋದು ಕಷ್ಟ ಆಗ್ಬೋದು" ಅಂದ್ರು. ಆಗಲಿ. ಮುಗಿಸದೆಯೂ ಇರಬಹುದು. ಆ ರಿಸ್ಕ್ ನನ್ನದು, ನನ್ನ ಹೆಸರಲ್ಲೇ.

ಕೆರೆಗೆ ಹೋಗಿ ಬಂದೆ. ಮೊದಲ ದಿನ ಸೊಂಟದ ಮಟ್ಟದ ನೀರಲ್ಲಿ ನಿಂತು ವಾಪಸ್ ಬಂದೆ, ಅಷ್ಟೇ. ದಡದಲ್ಲಿ ಕೂರ್ತೀನಿ ಅಂದಿದ್ದ ಗಿರೀಶ್ ಕಾರಿನ ಸೀಟು ಹಿಂದಕ್ಕೆ ಮಾಡಿಕೊಂಡು ನಿದ್ದೆ ಹೊಡೀತಿದ್ದರು. ಎರಡನೇ ಸಲ ಸ್ವಲ್ಪ ದೂರ ಈಜಿದೆ. ಭಯ ಹೋಗಿಲ್ಲ.

ಹೋದ ವಾರ ಮಗಳಿಗೆ ಹೊಟ್ಟೆನೋವು. ನಾನು ಈಜಿಗೆ ಹೋಗಲಿಲ್ಲ. ಬಿಸಿನೀರಿನ ಬ್ಯಾಗ್ ಕೊಟ್ಟು, ಪಕ್ಕದಲ್ಲಿ ಒರಗಿಕೊಂಡು ಅವಳ ಗೆಳತಿಯರ ಜಗಳದ ಕಥೆಯನ್ನೆಲ್ಲ ಕೇಳಿದೆ. ಅವತ್ತು ನನಗೆ ಅಲ್ಲೇ ಇರಬೇಕು ಅನ್ನಿಸಿತ್ತು, ಇದ್ದೆ. ಅದಕ್ಕೆ ದೊಡ್ಡ ಹೆಸರು ಯಾಕೆ?

ನಾವು ಮಕ್ಕಳಿಗಾಗಿ ಬಿಟ್ಟಿದ್ದು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದದ್ದನ್ನು ಒಮ್ಮೆ ಎದುರಿಗೆ ಇಟ್ಟುಕೊಂಡು ಕೇಳಿ ನೋಡಿ: ಅದನ್ನು ನಿಜಕ್ಕೂ ಬಿಟ್ಟಿದ್ದು ಯಾರಿಗಾಗಿ?