ಎರಡನೆಯ ಅಳತೆಗೆ ಕೂರಿಸಿದ ವೈದ್ಯೆ

ಬಾಗಲಕೋಟೆ ಜಿಲ್ಲೆಯಲ್ಲಿ ಕಣ್ಣಿನ ಪೊರೆ ತೆಗೆಯಬಲ್ಲ ವೈದ್ಯರು ಈಗ ಅನೇಕರಿದ್ದಾರೆ. ತೆಗೆದ ಮೇಲೂ ವರ್ಷಗಟ್ಟಲೆ ಆ ಕಣ್ಣಿನ ಬೆನ್ನು ಬಿಡದವರು ಯಾರೆಂದು ಕೇಳಿದರೆ, ಬಾದಾಮಿಯಿಂದ ಇಳಕಲ್‌ವರೆಗೆ ಮೊದಲು ಬಾಯಿಗೆ ಬರುವ ಹೆಸರು ಡಾ. ಶಿವಗಂಗಾ ಕಡಪಟ್ಟಿಯವರದು. ಬಾದಾಮಿಯಲ್ಲಿ ಸೇವೆಗೆ ಸೇರಿ, ಹುನಗುಂದದಲ್ಲಿ ಕೈ ಪಳಗಿಸಿಕೊಂಡು, ಇಳಕಲ್ಲಿನ ದವಾಖಾನೆಯಿಂದ ಈಗ ನಿವೃತ್ತರಾಗುತ್ತಿರುವ ಇವರನ್ನು ಮೃದು ಸ್ವಭಾವದವರೆಂದು ಬರೆದರೆ ಅದು ಶುದ್ಧ ಸುಳ್ಳು. ಅವರು ಹಟಮಾರಿ. ಅಭಿನಂದಿಸಬೇಕಾದದ್ದು ಆ ಹಟವನ್ನೇ.

ಪೊರೆ ತೆಗೆದು ಕೃತಕ ಮಸೂರ ಕೂಡಿಸಿದ ಮೇಲೆ, ಕಾಲ ಕಳೆದಂತೆ ಅದರ ಹಿಂದಿನ ತೆಳು ಪದರ ಹಲವರಲ್ಲಿ ಮಬ್ಬಾಗುತ್ತದೆ. ಲೇಸರಿನಿಂದ ಆ ಪದರದಲ್ಲೊಂದು ಕಿಂಡಿ ಮಾಡಿದರೆ ನೋಟ ತಿಳಿಯಾಗುತ್ತದೆ. ರಕ್ತವಿಲ್ಲ, ಹೊಲಿಗೆಯಿಲ್ಲ, ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದಕ್ಕೇ ಜನ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಡೆದ ಪದರದ ಪುಡಿ, ಕಣ್ಣೊಳಗಿನ ನೀರು ಹೊರಹೋಗುವ ದಾರಿಯಲ್ಲಿ ಸಿಕ್ಕಿಕೊಂಡರೆ ಮುಂದಿನ ಕೆಲವು ತಾಸುಗಳಲ್ಲಿ ಕಣ್ಣಿನ ಒತ್ತಡ ಏರಬಹುದು.

ಹುನಗುಂದದಲ್ಲಿ ಶಂಕ್ರಪ್ಪ ಎಂಬ ಹಿರಿಯರು ಲೇಸರ್ ಮುಗಿದದ್ದೇ ತಡ, ಹೇಳದೆ ಅಮೀನಗಡದ ಬಸ್ಸು ಹತ್ತಿದರು. ಸಂಜೆ ತಲೆ ಸಿಡಿದು ವಾಂತಿಯಾದಾಗ ಪಿತ್ತವೆಂದುಕೊಂಡು ನಿಂಬೆ ಶರಬತ್ತು ಕುಡಿದು ಮಲಗಿಬಿಟ್ಟರು. ಮರುದಿನ ಅವರನ್ನು ಹುಡುಕಿಕೊಂಡು ಹೋದವರು ಸ್ವತಃ ಶಿವಗಂಗಾ ಅವರೇ. ಕಣ್ಣು ಉಳಿಯಿತು, ನೋಟದ ಒಂದು ಪಾಲು ಹೋಯಿತು. ಅಂದಿನಿಂದ ಲೇಸರ್ ಮಾಡಿಸಿಕೊಂಡವರ ಚೀಲ ವೈದ್ಯರ ಮೇಜಿನ ಕೆಳಗೆ! ಒತ್ತಡ ಮತ್ತೆ ಅಳೆದು, ಅವರು ಹೂಂ ಅಂದ ಮೇಲೆಯೇ ಅದು ಕೈಗೆ. ಈ ಪದ್ಧತಿಗೆ ಬೈದವರೇನು ಕಡಿಮೆಯಿಲ್ಲ.

ಕಳೆದ ವರ್ಷ ಇಳಕಲ್ಲಿನಲ್ಲಿ ಬೈಯುವ ಸರದಿ ಯುನೂಸನದಾಯಿತು. ಅವನ ತಾಯಿ ಗುಲಾಬಬಿ, ಮಗ್ಗದಲ್ಲಿ ಸೀರೆಯ ಸೆರಗಿನ ಎಳೆಯನ್ನು ಸೀರೆಯ ಒಡಲಿನ ಎಳೆಗೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಎತ್ತಿದ ಕೈ. ಎಡಗಣ್ಣು ಒತ್ತಡದ ರೋಗಕ್ಕೆ ಹಿಂದೆಯೇ ಹೋಗಿತ್ತು. ಉಳಿದ ಬಲಗಣ್ಣಿಗೆ ಅಂದು ಲೇಸರ್. ಮುಂಚೆಯೇ ಔಷಧದ ಹನಿ ಹಾಕಿದ್ದರು. ತಾಸಿನ ಮೇಲೆ ಅಳೆದಾಗ ಒತ್ತಡ ತುಸುವೇ ಏರಿತ್ತು. ಯುನೂಸನ ಮಗಳ ಮದುವೆಯ ಮಾತುಕತೆಗೆ ಗುಡೂರಿನಲ್ಲಿ ಬೀಗರು ಕಾದಿದ್ದರು.

“ಚೀಲ ಕೊಡ್ರಿ ಮೇಡಂ, ಬಸ್ಸ ಹೊಂಟೈತಿ. ಕತ್ತರಿ ಹಚ್ಚಿಲ್ಲ, ಬರೇ ಬೆಳಕ ಬಿಟ್ಟೀರಿ. ಇದಕ್ಕೂ ಇಷ್ಟೊತ್ತ ಕುಂದರಸ್ತೀರೇನ್ರಿ?”

“ಇನ್ನೊಮ್ಮಿ ಅಳೀಬೇಕು ತಮ್ಮಾ. ನಿಮ್ಮವ್ವಂದು ಒಂದ ಕಣ್ಣ ಆಗ್ಲೇ ಹೋಗೇತಿ. ಇದೂ ಹೋದ್ರ ನಾಳಿ ಆಕೀನ್ನ ಯಾವ ಬಸ್ಸ ಹತ್ತಸ್ತಿ?”

“ಬೀಗರು ಸಿಟ್ಟಾದ್ರ ನೀವು ಬಂದು ಹೇಳ್ತೀರೇನು?”

“ಹೇಳ್ತೇನಿ. ನಡಿ, ಫೋನ ಹಚ್ಚು.”

ಗುಲಾಬಬಿ ಬೆಂಚಿನ ಮೇಲಿಂದಲೇ ಮಗನನ್ನು ಗದರಿದಳು: “ಬೀಗರ ಮನಿ ಊಟ ಆರಿದ್ರ ಬಿಸಿ ಮಾಡ್ಕೋತಾರ. ಕುಂದ್ರೋ ಸುಮ್ಮ!”

ವೈದ್ಯರಿಗೂ ಒಳಗೆ ಅಳುಕಿತ್ತು. ಎರಡನೆಯ ಸಲ ಅಳತೆ ಸರಿಯಿದ್ದರೆ, ಒಂದು ಹುಡುಗಿಯ ಸಂಬಂಧ ಕೆಡಿಸಿದ ಹೆಸರು ತಮಗೆ. ಬರಲಿ, ಹೊತ್ತುಕೊಂಡರಾಯಿತು ಎಂದುಕೊಂಡು ಅಳೆದರು. ಒತ್ತಡ ಮುಂಜಾನೆಗಿಂತ ಇಮ್ಮಡಿಯಾಗಿತ್ತು.

“ಅಮ್ಮಾ, ನೋವ ಆಗಾಕತ್ತೈತೇನು?” ಯುನೂಸನ ದನಿ ಇಳಿದಿತ್ತು.

“ಏನೂ ಇಲ್ಲೋ. ಛಲೋ ಕಾಣಾಕತ್ತೈತಿ.”

ನೋವಿಲ್ಲ ಎಂಬ ಆ ಮಾತೇ ಅವನನ್ನು ಹೆಚ್ಚು ಹೆದರಿಸಿತು; ಬಸ್ಸು ಹತ್ತಿದ್ದರೆ ಒತ್ತಡ ಏರಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ವೈದ್ಯರು ಹನಿ ಹಾಕಿದರು, ಗುಳಿಗೆ ನುಂಗಿಸಿದರು, ಊಟಕ್ಕೂ ಏಳದೆ ಮತ್ತೆ ಮತ್ತೆ ಅಳೆದರು. ಯುನೂಸ ತಾನಾಗಿಯೇ ಗುಡೂರಿಗೆ ಫೋನು ಮಾಡಿ ಮಾತುಕತೆಯನ್ನು ಮುಂದಕ್ಕೆ ಹಾಕಿದ. ಇಳಿಹೊತ್ತಿಗೆ ಒತ್ತಡ ಇಳಿಯಿತು; ಮರುದಿನವೂ ಅಲ್ಲಿಯೇ ನಿಂತಿತು. ಬೀಗರು ಸಿಟ್ಟಾಗಲಿಲ್ಲ, ಆಗಿದ್ದರೂ ಈ ವೈದ್ಯೆ ಹಿಂಜರಿಯುತ್ತಿರಲಿಲ್ಲ.

ಗುಲಾಬಬಿ ಈಗಲೂ ಕೊಂಡಿ ಹಾಕುತ್ತಾಳೆ. ನಿವೃತ್ತಿಯ ಸುದ್ದಿ ಕೇಳಿ ಮೊನ್ನೆ ದವಾಖಾನೆಗೆ ಜಗಳಕ್ಕೇ ಬಂದಳು.

“ಡಾಕ್ಟರ್ ಬಾಯಾರ, ನೀವು ಮನ್ಯಾಗ ಕುಂತ್ರ ನನ್ನ ಕಣ್ಣ ಯಾರ ನೋಡ್ತಾರ?”

“ಕುಂದರಾಕ ಯಾರ ಹೊಂಟಾರ? ಬಾದಾಮ್ಯಾಗ ಮನಿ ಮುಂದಿನ ಖೋಲಿಗೆ ಒತ್ತಡ ಅಳಿಯೋ ಮಷೀನ ತರಸೇನಿ. ತಪ್ಪದ ಬಾ. ಬರ್ಲಿಲ್ಲಂದ್ರ ನಾನ ಬಂದು ಎಳಕೊಂಡ ಹೋಗ್ತೇನಿ.”

ಆ ಖೋಲಿಯ ಬಾಗಿಲು ಬಹುಕಾಲ ತೆರೆದಿರಲಿ, ಆ ಹಟ ವಯಸ್ಸಿನೊಡನೆ ಇಮ್ಮಡಿಯಾಗಲಿ. ಡಾ. ಶಿವಗಂಗಾ ಅವರು ನೂರು ವರ್ಷ ಬಾಳಬೇಕು. ಗುಲಾಬಬಿಯ ಬಲಗಣ್ಣು ಇನ್ನೂ ಅವರನ್ನು ನಂಬಿಕೊಂಡಿದೆ.