ಒಂಟಿ ಸೀನು

ಸೀನುವಾಗ ಮನುಷ್ಯ ಕಣ್ಣು ಮುಚ್ಚಿಕೊಳ್ಳುತ್ತಾನೆ. ಇದನ್ನು ನೀವೂ ಗಮನಿಸಿರುತ್ತೀರಿ. ಗಮನಿಸಿಲ್ಲವೆಂದರೆ ಅದೂ ನ್ಯಾಯವೇ, ಕಣ್ಣು ಮುಚ್ಚಿಕೊಂಡವನಿಗೆ ತಾನು ಮುಚ್ಚಿಕೊಂಡದ್ದು ಕಾಣುವುದಾದರೂ ಹೇಗೆ? ನಮ್ಮ ಹಿರಿಯರು ಈ ಕ್ಷುಲ್ಲಕ ಕ್ರಿಯೆಯ ಸುತ್ತ ಒಂದು ಶಾಸ್ತ್ರವನ್ನೇ ಕಟ್ಟಿದ್ದರು. ಹೊರಟು ನಿಂತಾಗ ಒಂಟಿ ಸೀನು ಬಂದರೆ ಅಪಶಕುನ, ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಗಳಿಗೆ ಹೊತ್ತು ಕೂತು ಹೊರಡಬೇಕು. ಬೆನ್ನಿಗೇ ಎರಡನೆಯದೂ ಬಂದುಬಿಟ್ಟರೆ ದೋಷ ಪರಿಹಾರ. ಇಷ್ಟೆಲ್ಲ ಮುಂದಾಲೋಚನೆ ಮಾಡಿದ ಆ ಮಹಾನುಭಾವರಿಗೂ, ಆರೂವರೆ ಅಡಿ ಎತ್ತರದ ಆಳೊಬ್ಬ ಒಂದೇ ಒಂದು ಸಲ ಸೀನಿ, ಪಕ್ಕೆ ಉಳುಕಿಸಿಕೊಂಡು, ಹದಿನೈದು ದಿನ ಮನೆಯಲ್ಲಿ ಮಲಗಬಹುದೆಂಬುದು ಹೊಳೆದಿರಲಿಲ್ಲ.

ಆ ಧೀರ ನಮ್ಮ ಸಿಯಾಟಲ್ ಬೇಸ್‌ಬಾಲ್ ತಂಡದ ಎಸೆತಗಾರ. ಆಟದ ಋತು ಇನ್ನೂ ಕಣ್ಣು ಬಿಡುತ್ತಿದ್ದ ಏಪ್ರಿಲ್ ತಿಂಗಳಲ್ಲಿ, ಅವನು ಊಟದ ಮೇಜಿನ ಮುಂದೆ ಸೀನಿದನೆಂದೂ, ಸದ್ಯಕ್ಕೆ ಆಡಲಾರನೆಂದೂ ರೇಡಿಯೋದಲ್ಲಿ ಕೇಳಿದಾಗ ನಾನು ನಕ್ಕ ನಗುವಿಗೆ ನನ್ನ ಪಕ್ಕೆಯೇ ಹಿಡಿದುಕೊಳ್ಳಬೇಕಾಗಿತ್ತು. ಹಿಡಿದುಕೊಳ್ಳಲಿಲ್ಲ, ಏಕೆಂದರೆ ನನ್ನದು ದುಡಿದ ಪಕ್ಕೆ.

ನನ್ನ ಪರಿಚಯವನ್ನು ನಾನೇ ಹೇಳಿಕೊಳ್ಳುವುದು ಸಭ್ಯತೆಯಲ್ಲ, ಆದರೆ ಬೇರೆ ಯಾರೂ ಹೇಳುವವರಿಲ್ಲವಾದ್ದರಿಂದ ಹೇಳುತ್ತೇನೆ. ತಿಪಟೂರಿನವನು. ಎಂಟನೇ ಕ್ಲಾಸಿನ ನಡುವೆ ಶಾಲೆಯೂ ನಾನೂ ಪರಸ್ಪರ ಒಪ್ಪಿ ಬೇರೆಯಾದೆವು. ಓದುವುದನ್ನು ಮಾತ್ರ ಬಿಡಲಿಲ್ಲ. ಲಾರಿಯ ಸೀಟಿನ ಕೆಳಗೆ ಟೂಲ್ ಬಾಕ್ಸಿನ ಪಕ್ಕದಲ್ಲಿ ಸದಾ ಒಂದು ಪುಸ್ತಕವಿರುತ್ತಿತ್ತು. ಇಪ್ಪತ್ತು ವರ್ಷ ಕೊಬ್ಬರಿ ಲಾರಿ ಓಡಿಸಿದವನು, ನರ್ಸಾಗಿ ಇಲ್ಲಿಗೆ ಕೆಲಸಕ್ಕೆ ಬಂದ ಹೆಂಡತಿ ಸುಮಿತ್ರಳ ಸೆರಗು ಹಿಡಿದು ಸಮುದ್ರ ದಾಟಿದೆ. ಈಗ ಇಸ್ಸಾಕ್ವಾದ ಗುಡ್ಡದ ಮನೆಗಳಿಂದ ರೆಡ್ಮಂಡಿನ ಆಫೀಸುಗಳಿಗೆ ಸಾಫ್ಟ್‌ವೇರ್ ಜನರನ್ನು ಒಯ್ಯುವ ಬಸ್ಸಿನ ಸಾರಥಿ. ಏಳು ವರ್ಷದಲ್ಲಿ ಕಾಯಿಲೆಯೆಂದು ಒಂದು ದಿನವೂ ರಜೆ ಹಾಕಿದವನಲ್ಲ. ಶಿರಾಡಿ ಘಾಟಿಯ ಬುಡದಲ್ಲಿ ಲಾರಿಯ ಬಾಗಿಲಿಗೆ ಸಿಕ್ಕಿ ಎಡಗೈ ಹೆಬ್ಬೆರಳು ಮುರಿದಾಗಲೂ ಒದ್ದೆ ಟವೆಲು ಸುತ್ತಿಕೊಂಡು ಮಂಗಳೂರು ಮುಟ್ಟಿಸಿದವನು. ಆ ಹೆಬ್ಬೆರಳು ಇವತ್ತಿಗೂ ಸೊಟ್ಟಗಿದೆ. ನಾನದನ್ನು ಪದಕದಂತೆ ನಾಲ್ಕು ಜನಕ್ಕೆ ತೋರಿಸುತ್ತೇನೆ. ಸುಮಿತ್ರ ಅದನ್ನು ಮೂರ್ಖತನದ ರಶೀದಿ ಎನ್ನುತ್ತಾಳೆ.

ಬೇಸ್‌ಬಾಲನ್ನು ಮೊದಲ ವರ್ಷ ನಾನು ಬೇಸರಬಾಲು ಎಂದೇ ಕರೆಯುತ್ತಿದ್ದೆ. ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ಬಸ್ಸು ನಿಲ್ಲಿಸಿಕೊಂಡು ಕೂತಿರಬೇಕಾದ ಹೊತ್ತಿನಲ್ಲಿ ರೇಡಿಯೋದ ಕಾಮೆಂಟರಿ ಕಿವಿಗೆ ಬಿದ್ದು ಬಿದ್ದು ರುಚಿ ಹತ್ತಿತು. ನನ್ನ ಇಂಗ್ಲಿಷೆಲ್ಲ ಅಲ್ಲಿ ಕಲಿತದ್ದು. ನಮ್ಮ ತಂಡದ ಆಟಗಾರರು ಆಡುವುದಕ್ಕಿಂತ ಹೆಚ್ಚಾಗಿ ನರಳುವುದರಿಂದ, ನನ್ನ ಇಂಗ್ಲಿಷಿನಲ್ಲಿ ಕುಶಲೋಪರಿಯ ಮಾತು ಕಡಿಮೆ, ದೇಹದ ಅವಯವಗಳ ಹೆಸರು ಜಾಸ್ತಿ. ಬಾಡಿಗೆ ಮನೆ ಕೇಳಲು ತಡವರಿಸುವ ನಾನು, ಪಕ್ಕೆಯ ಸ್ನಾಯುವಿಗೂ ತೊಡೆಯ ಸ್ನಾಯುವಿಗೂ ಇರುವ ಇಂಗ್ಲಿಷ್ ಹೆಸರುಗಳನ್ನು ನಿದ್ದೆಯಲ್ಲೂ ಹೇಳಬಲ್ಲೆ.

ಈ ಸಲವಂತೂ ಸೀನಿದವನು ಬರಿಯ ಮುನ್ನುಡಿಯಾದ. ಅವನ ಹಿಂದೆಯೇ ಒಬ್ಬನ ಮೊಣಕೈ ಹೋಯಿತು. ಇನ್ನೊಬ್ಬ ಮೊದಲನೇ ಬೇಸೆಂಬ ನಿಲ್ದಾಣಕ್ಕೆ ಓಡುತ್ತ, ನಡುದಾರಿಯಲ್ಲಿ ಪಂಕ್ಚರಾದ ಟೈರಿನಂತೆ ಕುಂಟಿ, ತೊಡೆ ಹಿಡಿದು ಕೂತ. ಮತ್ತೊಬ್ಬನ ತೋರುಬೆರಳಿನಲ್ಲಿ ಬೊಬ್ಬೆ ಎದ್ದಿತು, ಆ ಬೊಬ್ಬೆಗೆ ಊರಿನ ರೇಡಿಯೋಗಳೆಲ್ಲ ಬೊಬ್ಬೆ ಹೊಡೆದವು. ಗಾಯಾಳುಗಳ ಹೆಸರನ್ನು ಇಲ್ಲಿ ವಿಧಿವತ್ತಾಗಿ ಒಂದು ಪಟ್ಟಿಗೆ ಸೇರಿಸುತ್ತಾರೆ. ನಾನದಕ್ಕೆ ಪೆಟ್ಟಿನ ಪಟ್ಟಿ ಎಂದು ನಾಮಕರಣ ಮಾಡಿದೆ. ಪೆಟ್ಟು ಸಣ್ಣದು, ಪಟ್ಟಿ ದೊಡ್ಡದು. ನಮ್ಮೂರಿನಲ್ಲಿ ಪುಟ್ಟಮ್ಮನೆಂಬ ಮುದುಕಿಯಿದ್ದಳು. ಕಾಲು ಮುಂದಾಗಿ ಹುಟ್ಟಿದವಳಾದ್ದರಿಂದ, ಬೆನ್ನು ಹಿಡಿದುಕೊಂಡವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಅವಳ ಮುಂದೆ ಬಗ್ಗಿ ನಿಂತು ಮೂರು ಸಲ ಒದೆಸಿಕೊಂಡು ಹೋಗುತ್ತಿದ್ದರು. ಇವರ ಡಾಕ್ಟರುಗಳ ದಂಡಿನ ಬದಲು ಪುಟ್ಟಮ್ಮನ ಎಡಗಾಲೊಂದಿದ್ದರೆ ಇಡೀ ತಂಡ ಒಂದೇ ಬೆಳಗ್ಗೆ ಎದ್ದು ಓಡುತ್ತಿತ್ತೆಂದು ನಾನು ಬಸ್ಸಿನಲ್ಲಿ ಸಾರಿದೆ.

ಬಸ್ಸಿನಲ್ಲಿ ನನ್ನ ಶ್ರೋತೃ ರಘುನಂದನ. ಮೈಸೂರಿನವನು, ಮೊದಲ ಸ್ಟಾಪಿನಲ್ಲೇ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಲೈಟ್ ರೈಲು ಬಂದಮೇಲೆ ಬೆಲ್ವ್ಯೂ ಕಡೆಯ ಬಸ್ಸುಗಳು ಖಾಲಿಯಾದರೂ ಗುಡ್ಡಕ್ಕೆ ರೈಲು ಹತ್ತುವುದಿಲ್ಲವಾದ್ದರಿಂದ ಅವನು ನನಗೆ ಉಳಿದುಕೊಂಡಿದ್ದಾನೆ. ಒಳ್ಳೆಯ ಹುಡುಗನೇ, ಆದರೆ ಮೂಗು ಕಟ್ಟಿದರೆ ಮನೆಯಿಂದ ಕೆಲಸ, ಮೋಡ ಕಟ್ಟಿದರೆ ಮನೆಯಿಂದ ಕೆಲಸ ಎನ್ನುವ ಪಂಗಡದವನು. ನಾನು ಹಾಗೆಂದು ಹಂಗಿಸಿದಾಗ ಅವನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಉತ್ತರಿಸಿದ್ದ.

"ಸೀನಣ್ಣ, ನೀವೂ ಮನೆಯಿಂದಾನೇ ಬಸ್ ಓಡಿಸೋ ಹಾಗಿದ್ರೆ ಓಡಿಸ್ತಿರ್ಲಿಲ್ವಾ?"

ಹೌದು, ನನ್ನ ಹೆಸರು ಶ್ರೀನಿವಾಸ, ಕರೆಯುವುದು ಸೀನ. ಇದನ್ನು ಇಷ್ಟು ಹೊತ್ತು ಮುಚ್ಚಿಟ್ಟದ್ದಕ್ಕೆ ಕಾರಣ ನಿಮಗೆ ತಿಳಿದಿರಬೇಕು. ಸೀನಿ ಮಲಗಿದ ಎಸೆತಗಾರನಿಗೆ ರಘು ಮೊದಲ ದಿನವೇ 'ಸೀನು' ಎಂದು ಹೆಸರಿಟ್ಟುಬಿಟ್ಟ. "ನಿಮ್ಮ ಸೀನು ವಾಪಸ್ ಬಂದ್ನಂತೆ", "ನಿಮ್ಮ ಸೀನು ನಿನ್ನೆ ಮೂರು ಜನಾನ ಔಟ್ ಮಾಡ್ದ" ಎಂದು ವರದಿ ಕೊಡುವುದು ಅವನಿಗೆ ನಿತ್ಯದ ವಿನೋದ. ನನ್ನ ಹೆಸರನ್ನು ಆ ಸುಕುಮಾರನ ಮೂಗಿಗೆ ಕಟ್ಟಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಪ್ರತಿಯಾಗಿ ನಾನು ಎತ್ತಿ ಹಿಡಿದದ್ದು ಎರಡನೇ ಮತ್ತು ಮೂರನೇ ಬೇಸುಗಳ ನಡುವೆ ಚೆಂಡು ತಡೆಯಲು ನಿಲ್ಲುವ, ಶಾರ್ಟ್‌ಸ್ಟಾಪ್ ಎಂಬ ಆಟಗಾರನನ್ನು. ಜೂನ್ ತಿಂಗಳಲ್ಲಿ ಚೆಂಡು ಅವನ ಕೈಗೆ ಬಡಿಯಿತು. ಅವನು ಕೈ ಕೊಡವಿ, ಉಗುಳಿ, ನಿಂತ. ಮಾರನೆಯ ದಿನವೂ ನಿಂತ. ಏನೂ ಆಗಿಲ್ಲ ಎಂದ. ದಾಂಡು ಹಿಡಿದಾಗ ಅವನ ಮುಖ ಕಿವುಚುತ್ತಿದ್ದುದು ಟೀವಿಯಲ್ಲಿ ಕಾಣುತ್ತಿತ್ತು, ನನ್ನ ಎದೆ ಉಬ್ಬುತ್ತಿತ್ತು. ನೋಡಪ್ಪ, ಇವನು ಕೊಬ್ಬರಿ ಲಾರಿ ಓಡಿಸಬೇಕಾಗಿದ್ದವನು ಎಂದು ನಾನು ರಘುವಿಗೆ ಹೇಳಿದೆ. ನನ್ನ ಬಳಿಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಆಗಸ್ಟಿನಲ್ಲಿ ಅವನು ದಾಂಡು ಬೀಸಿದ. ದಾಂಡು ಒಂದು ಕಡೆ ಹೋಯಿತು, ಅವನು ಮೊಣಕಾಲೂರಿದ. ಕೈಯ ಮೂಳೆಯಲ್ಲಿ ಜೂನಿನಿಂದಲೇ ಕೂದಲೆಳೆಯಷ್ಟು ಬಿರುಕಿತ್ತಂತೆ. ಯಾರಿಗೂ ಹೇಳಿರಲಿಲ್ಲವಂತೆ. ಆಗಲೇ ಹೇಳಿದ್ದರೆ ಮೂರು ವಾರದಲ್ಲಿ ಮುಗಿಯುತ್ತಿದ್ದದ್ದು ಈಗ ಶಸ್ತ್ರಚಿಕಿತ್ಸೆ, ಈ ಋತು ಪೂರ್ತಿ ಇಲ್ಲ. ಅವನು ಆ ಕೈಯಲ್ಲಿ ಬಿಟ್ಟ ಚೆಂಡುಗಳಿಂದ, ತಪ್ಪಿಸಿದ ಹೊಡೆತಗಳಿಂದ ತಂಡ ಸೋತ ಪಂದ್ಯಗಳನ್ನು ರೇಡಿಯೋದವರು ಒಂದೊಂದಾಗಿ ನೆನಪಿಸಿದರು. ನಾನು ರೇಡಿಯೋ ಆರಿಸಿದೆ. ಅಡುಗೆಮನೆಯಲ್ಲಿ ಬೀನ್ಸು ಬಿಡಿಸುತ್ತಿದ್ದ ಸುಮಿತ್ರ ನನ್ನ ಹೆಬ್ಬೆರಳನ್ನು ಒಮ್ಮೆ ನೋಡಿದಳು, ಅಷ್ಟೆ. ಏಳು ವರ್ಷದ ಸಂಸಾರವಲ್ಲ ನಮ್ಮದು, ಇಪ್ಪತ್ತಾರು ವರ್ಷದ್ದು, ನೋಟವೇ ಸಾಕು.

ಹಾಗೆಂದು ನಾನು ಬುದ್ಧಿ ಕಲಿತೆನೆಂದುಕೊಳ್ಳಬೇಡಿ. ಮೂಳೆ ಮುರಿಯುವುದು ಅದೃಷ್ಟದ ದೋಷ, ನಿಲ್ಲುವುದು ಗಂಡಸಿನ ಗುಣ ಎಂದು ಇನ್ನೂ ಒಂದು ತಿಂಗಳು ವಾದಿಸಿದೆ.

ಸೆಪ್ಟೆಂಬರಿನ ಕೊನೆಯ ವಾರ. ಬುಧವಾರ. ಕುಂಟರು, ಕೈಗೆ ಬಟ್ಟೆ ಸುತ್ತಿಕೊಂಡವರು, ಎಲ್ಲಿಂದಲೋ ಎರವಲು ಬಂದವರು ಎಲ್ಲ ಸೇರಿ ಹೇಗೋ ದಡದ ಹತ್ತಿರ ತಂದಿದ್ದ ತಂಡಕ್ಕೆ ಮಧ್ಯಾಹ್ನ ಗೆಲ್ಲಲೇಬೇಕಾದ ಪಂದ್ಯ. ಬೆಳಗ್ಗೆ ಬಸ್ಸಿನ ಸುತ್ತ ನಡೆದು ಟೈರು, ದೀಪ, ಕನ್ನಡಿ ನೋಡಿ, ಬಾಗಿಲು ತೆಗೆದೆ. ಚಳಿಗಾಳಿ ಮೂಗಿಗೆ ಬಡಿಯಿತು. ಸೀನಿದೆ. ಒಂದೇ ಒಂದು.

ಕಣ್ಣು ತೆರೆದಾಗ ನಾನು ಬಾಗಿಲಿನ ಹಿಡಿ ಹಿಡಿದು ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ನಿಂತಿದ್ದೆ. ಸೊಂಟದಿಂದ ಭುಜದವರೆಗೆ ಯಾರೋ ಸ್ಪ್ಯಾನರು ಹಾಕಿ ಬಿಗಿ ಮಾಡಿದಂತಿತ್ತು. ಚಪ್ಪಲಿ ಬಿಚ್ಚಿ ನೀರು ಕುಡಿದು ಕೂರು ಎಂದು ಹಿರಿಯರು ಹೇಳಿದ್ದರು. ಕೂರುವುದೇನೋ ಕೂತೆ, ಆದರೆ ಸ್ಟಿಯರಿಂಗಿನ ಮುಂದೆ. ಏಳು ವರ್ಷ. ಒಂದು ಸೀನಿಗೆ ಸೀನ ಬಿದ್ದ ಎಂದು ಆ ರಘುವಿನ ಬಾಯಿಗೆ ಬೀಳುವುದಕ್ಕಿಂತ ಸಾಯುವುದು ಮೇಲೆಂದು ಗೇರು ಹಾಕಿದೆ.

ಮೊದಲ ಸ್ಟಾಪಿನಲ್ಲಿ ರಘು ಮತ್ತಿತರರು ಹತ್ತಿದರು. ಎಡಗನ್ನಡಿ ನೋಡಿದೆ. ಬಲಕ್ಕೆ ಕತ್ತು ತಿರುಗಲಿಲ್ಲ. ತಿರುಗಿದಷ್ಟು ಸಾಕೆಂದು ಬ್ರೇಕಿನಿಂದ ಕಾಲು ಸಡಿಲಿಸಿದೆ.

"ಸೀನಣ್ಣ. ನಿಲ್ಲಿಸಿ."

ರಘುವಿನ ದನಿ ಏರಿರಲಿಲ್ಲ. ಬ್ರೇಕು ತುಳಿದೆ, ತುಳಿದ ನೋವು ನೆತ್ತಿಗೆ ಹತ್ತಿತು. ಬಸ್ಸಿನ ಬಲಮೂಲೆಗೆ ಅಂಟಿಕೊಂಡಂತೆ, ಮಗುವಿನ ತಳ್ಳುಗಾಡಿ ಹಿಡಿದ ಹೆಂಗಸೊಬ್ಬಳು ರಸ್ತೆಗಿಳಿದಿದ್ದಳು. ಅವಳು ನನ್ನ ಕಡೆ ಒಂದು ಧನ್ಯವಾದದ ಕೈ ಬೀಸಿ ದಾಟಿಹೋದಳು. ಆ ಬೀಸಿದ ಕೈಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ಕತ್ತು ಯಾಕೆ ತಿರುಗಿಸ್ತಿಲ್ಲ ನೀವು?"

"ಏನೂ ಆಗಿಲ್ಲಪ್ಪ."

ರಘು ಸೀಟಿನಿಂದೆದ್ದು ಬಂದ. ಆಮೇಲೆ ಬೇರೆಯವರಿಗೆ ಕೇಳದಂತೆ ನನ್ನ ಕಿವಿಯ ಹತ್ತಿರ ಬಗ್ಗಿದ. "ಶಾರ್ಟ್‌ಸ್ಟಾಪೂ ಇದನ್ನೇ ಹೇಳಿದ್ದ."

ನಾನು ಎಂಜಿನ್ ಆರಿಸಿದೆ. ಬಸ್ಸುಗಳ ಉಸ್ತುವಾರಿ ನೋಡುವ ಡಿಸ್ಪ್ಯಾಚಿನ ಹೆಂಗಸಿಗೆ ಫೋನು ಹಚ್ಚಿ, ಬೇರೆ ಡ್ರೈವರನ್ನು ಕಳಿಸಬೇಕು, ನಾನು ಓಡಿಸುವ ಸ್ಥಿತಿಯಲ್ಲಿಲ್ಲ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ, ಏಳು ವರ್ಷದಲ್ಲಿ ನನ್ನಿಂದ ಕೇಳದ ವಾಕ್ಯ ಅದು. ಕಾರಣ ಕೇಳಿದಳು. ನೆನಪಿದೆಯಲ್ಲ, ಇಂಗ್ಲಿಷಿನಲ್ಲಿ ನನ್ನ ಪಾಂಡಿತ್ಯವೆಲ್ಲ ಸ್ನಾಯುಗಳದ್ದೇ. ಲ್ಯಾಟಿನ್ ಮೂಲದ ಘನವಾದ ಹೆಸರುಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಆದರೆ ತಳ್ಳುಗಾಡಿ ಆಗತಾನೆ ರಸ್ತೆಯಾಚೆ ತಲುಪಿತ್ತು, ಸುಳ್ಳು ಹೊರಡಲಿಲ್ಲ.

"ಐ ಸ್ನೀಜ್ಡ್," ಎಂದೆ.

ಅವಳು, ಸೀನಿದವರನ್ನು ಹರಸುವ ಇಲ್ಲಿನವರ ಅಭ್ಯಾಸಬಲದಿಂದ, "ಬ್ಲೆಸ್ ಯೂ" ಎಂದಳು.

ಬೇರೆ ಬಸ್ಸು ಬರುವವರೆಗೆ ಸಾಫ್ಟ್‌ವೇರ್ ಸಮುದಾಯ ಫುಟ್‌ಪಾತಿನಲ್ಲೇ ಲ್ಯಾಪ್‌ಟಾಪು ಬಿಚ್ಚಿತು; ಭೂಕಂಪದಲ್ಲೂ ಮೀಟಿಂಗು ಹುಡುಕಿಕೊಳ್ಳುವ ಜಾತಿ. ರಘು ಮಾತ್ರ ಹತ್ತಿರದಲ್ಲೇ ಇದ್ದ ತನ್ನ ಮನೆಯಿಂದ ಕಾರು ತಂದು ನನ್ನನ್ನು ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಅವನು ಹಂಗಿಸುತ್ತಾನೆಂದು ಹಲ್ಲು ಕಚ್ಚಿ ಕಾದೆ. ಅವನು ಹಂಗಿಸಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮನೆಯ ಮುಂದೆ ಇಳಿಸುವಾಗ ಒಂದೇ ಮಾತು ಕೇಳಿದ, "ಪೆಟ್ಟಿನ ಪಟ್ಟಿಗೆ ಹೆಸರು ಹಾಕ್ಲಾ?"

"ಹಾಕು," ಎಂದೆ.

ಡಾಕ್ಟರು ಹದಿನೈದು ದಿನ ಎಂದು ಬರೆದುಕೊಟ್ಟ. ಹದಿನಾಲ್ಕಲ್ಲ, ಹದಿನಾರಲ್ಲ, ದೇವರಿಗೂ ಹಾಸ್ಯಪ್ರಜ್ಞೆಯಿದೆ. ಮಧ್ಯಾಹ್ನ ಬಿಸಿನೀರಿನ ಚೀಲಕ್ಕೊರಗಿ, ಹಾಡುಹಗಲಿನಲ್ಲಿ ಮನೆಯ ಸೋಫಾದ ಮೇಲೆ ಕೂತೆ. ಏಳು ವರ್ಷದಲ್ಲಿ ಆ ಸೋಫಾ ನನ್ನನ್ನು ಬುಧವಾರ ಕಂಡದ್ದೇ ಇಲ್ಲ. ಟೀವಿಯಲ್ಲಿ ಚೆಂಡು ಹಿಡಿದು ನಡೆದು ಬಂದವನು ಬೇರೆ ಯಾರೂ ಅಲ್ಲ, ಸೀನು. ಏಪ್ರಿಲಿನಲ್ಲಿ ಹದಿನೈದು ದಿನ ಮಲಗಿ, ಅನಂತರ ತನ್ನ ಸರದಿ ಒಂದೂ ತಪ್ಪದೆ ಎಸೆಯುತ್ತ ಬಂದಿರುವ, ನನ್ನ ಹೆಸರಿನವನು.

ಆಗ ನನ್ನ ಮೂಗು ಮತ್ತೆ ತುರಿಸಿತು. ಬೆಳಗ್ಗೆ ಬಾಕಿಯಿಟ್ಟ ಎರಡನೆಯದು. ನಾನು ಗಾಬರಿಯಿಂದ ಉಸಿರು ಬಿಗಿಹಿಡಿದೆ. ಸುಮಿತ್ರ ಪಕ್ಕದಲ್ಲಿ ಕೂತು, ದಿಂಬೊಂದನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಳು.

"ತಡೀಬೇಡ್ರೀ. ಹೀಗೆ ಗಟ್ಟಿಯಾಗಿ ಹಿಡ್ಕೊಂಡು ಸೀನಿ."

ಸೀನಿದೆ. ಸೀನುವಾಗ ಮನುಷ್ಯ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅಷ್ಟು ಹೊತ್ತು ಪಕ್ಕದಲ್ಲಿ ಇನ್ನೊಬ್ಬರು ಕಣ್ಣು ತೆರೆದುಕೊಂಡಿದ್ದರೆ ಸಾಕು. ನಾನು ಕಣ್ಣು ಬಿಟ್ಟಾಗ ಟೀವಿಯಲ್ಲಿ ಚೆಂಡು ಆಗಲೇ ಸೀನುವಿನ ಕೈ ಬಿಟ್ಟಿತ್ತು.